ಡಿವಿಷನ್ 2 ಅಂದ್ರೆ ಸೆಕೆಂಡ್ ಕ್ಲಾಸಾ?

ತಮ್ಮಾ, ನಿನ್ನ ರೂಮ್‌ಮೇಟ್ ಕಾಲೇಜು ಕ್ಲಬ್ಬಿನ ಐಸ್ ಹಾಕಿ ತಂಡದಲ್ಲಿದ್ದಾನೆ, ಡಿವಿಷನ್ 2 ಅಂತಾನೆ, ಅದು ಸೆಕೆಂಡ್ ಕ್ಲಾಸಾ ಎಂದು ಕೇಳಿದ್ದೀಯ. ಶಿವಮೊಗ್ಗದಲ್ಲಿ ಸ್ಕೇಟಿಂಗ್ ಕಲಿತಿದ್ದೇನೆ, ಸೇರಬಹುದಾ ಎಂದೂ ಕೇಳಿದ್ದೀಯ. ಸೇರೋದು ಕಷ್ಟ. ಚಕ್ರವೇ ಬೇರೆ, ಐಸೇ ಬೇರೆ. ಫೀಸು ಕ್ಲಬ್ಬಿನವರನ್ನೇ ಕೇಳು, ಎದೆ ಗಟ್ಟಿ ಮಾಡಿಕೊಂಡು ಕೇಳು.

ಇಲ್ಲಿ ಅಮೆರಿಕದಲ್ಲಿ ಎನ್‌ಸಿಎಎ ಅಂತ ಕಾಲೇಜು ಕ್ರೀಡೆಗಳ ದೊಡ್ಡ ಸಂಘ ಇದೆ, ಅದರ ತಂಡಗಳನ್ನು ಯೂನಿವರ್ಸಿಟಿಯೇ ಸಾಕುತ್ತದೆ. ಕ್ಲಬ್ ತಂಡಗಳು ಹೆಚ್ಚಾಗಿ ಹುಡುಗರ ದುಡ್ಡಿನಲ್ಲೇ ನಡೆಯುತ್ತವೆ, ನಮ್ಮ ಬೀದಿ ಗಣಪತಿ ಇದ್ದ ಹಾಗೆ. 1991ರಲ್ಲಿ ಇವಕ್ಕೆ ಎಸಿಎಚ್‌ಎ (ಅಮೆರಿಕನ್ ಕಾಲೇಜಿಯೇಟ್ ಹಾಕಿ ಅಸೋಸಿಯೇಷನ್) ಅಂತ ಸಂಘ ಆಯಿತು. ತಂಡಗಳು ಜಾಸ್ತಿಯಾದಂತೆ ಗಂಡುಮಕ್ಕಳಿಗೆ ಮೂರು ಡಿವಿಷನ್ ಬಂದವು, ಹೆಣ್ಣುಮಕ್ಕಳಿಗೂ ಬೇರೆ ವಿಭಾಗ ಬಂತು. ಡಿವಿಷನ್ 2, 3ರಲ್ಲಿ ಪ್ರದೇಶವಾರು ಹಂಚಿಕೆ. ಹತ್ತಿರದವರ ಜೊತೆ ಆಡಿ, ನಿಮ್ಮ ಪ್ರದೇಶದಲ್ಲಿ ಮೇಲೆ ಬಂದರೆ ನ್ಯಾಷನಲ್ಸ್. ಬಸ್ಸಿನ ಖರ್ಚು ಆಟಗಾರರ ಜೇಬಿನದೇ ಅಲ್ವಾ, ದೂರ ಹೋಗೋದು ಹೇಗೆ? ಕ್ಲಬ್ ಡಿವಿಷನ್ 1 ಕೂಡ ಎನ್‌ಸಿಎಎ ಡಿವಿಷನ್ 1 ಅಲ್ಲ, ಗೊತ್ತಿರಲಿ.

ನಾನು ಪೆನ್ ಸ್ಟೇಟ್ ಯೂನಿವರ್ಸಿಟಿಗೆ ಬಂದದ್ದು 2012ರ ಜನವರಿಯಲ್ಲಿ. ಹಿಮ ಸುರಿಯುವ ರಾತ್ರಿ ಬಸ್‌ಸ್ಟಾಪಿಗೆ ಕಾರು ತಂದವನು ನನ್ನ ರೂಮ್‌ಮೇಟ್. ಹಿಂದಿನ ಸೀಟಿನಲ್ಲಿ ಅವನ ಹಾಕಿ ಬ್ಯಾಗು, ತಡೆಯಲಾರದ ಬೆವರು ನಾತ. ಅವನು ಐಸರ್ಸ್ ಅನ್ನೋ ಕ್ಲಬ್ ತಂಡದಲ್ಲಿದ್ದ. ಏಳು ಸಲ ನ್ಯಾಷನಲ್ ಚಾಂಪಿಯನ್ ಆದ ತಂಡ! ಆದರೆ ಪೆಗುಲಾ ಅನ್ನೋ ಶ್ರೀಮಂತ ದಂಪತಿ 2010ರಲ್ಲೇ 8.8 ಕೋಟಿ ಡಾಲರ್ ಘೋಷಿಸಿದ್ದರು, ಹೊಸ ರಿಂಕ್‌ಗೂ (ಐಸ್ ಹಾಕಿ ಆಡೋ ಅಂಗಳ) ಎನ್‌ಸಿಎಎ ತಂಡಕ್ಕೂ. ಹಾಗಾಗಿ ಐಸರ್ಸ್‌ಗೆ ಅದೇ ಕೊನೆಯ ಸೀಸನ್. ಬಾರೋ ಬಾರೋ ಎಂದು ಎಷ್ಟು ಸಲ ಕರೆದ. ನಾನು ಟಿಕೆಟ್ ದುಡ್ಡನ್ನು ಐವತ್ತರಿಂದ ಗುಣಿಸಿ ನೋಡಿದೆ. ಅಷ್ಟಕ್ಕೆ ಊರಲ್ಲಿ ಅಮ್ಮನಿಗೆ ವಾರದ ತರಕಾರಿ ಬರುತ್ತದೆ ಅನಿಸಿತು. ಅಸೈನ್‌ಮೆಂಟ್ ಇದೆ ಎಂದು ಸುಳ್ಳು ಹೇಳಿ ಅನ್ನ ಸಾರು ಮಾಡಿಕೊಂಡು ಮಲಗಿದೆ.

ಹೊಸ ತಂಡದಲ್ಲಿ ಅವನಿಗೆ ಜಾಗ ಸಿಗಲಿಲ್ಲ. ಮೇ ತಿಂಗಳಲ್ಲಿ ಓದು ಮುಗಿಸಿ ಹೊರಟ. ಬ್ಯಾಗು ಕಾರಿಗೆ ಹಾಕಲು ಕೈ ಕೊಟ್ಟೆ. ಅವನು ಆಡಿದ್ದನ್ನು ಒಂದೇ ಒಂದು ಸಲ ನೋಡಿರಲಿಲ್ಲ.

2013ರಲ್ಲಿ ತೆರೆದ ಹೊಸ ರಿಂಕ್‌ನಲ್ಲಿ ಆರು ಸಾವಿರ ಸೀಟಿವೆ. ಈಗ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ, ರೇಟು ಕೇಳುವುದೇ ಇಲ್ಲ.

ಶನಿವಾರ ಮ್ಯಾಚ್ ಇದೆ ಅಂದೆಯಲ್ಲ, ಹೋಗು. ಎರಡು ಸ್ವೆಟರ್ ಹಾಕಿಕೋ. ಸುಮ್ನೆ ಕೂತವರಿಗೆ ರಿಂಕ್ ಒಳಗೂ ಚಳಿ ಹೊಡೆಯುತ್ತದೆ.