ಡಬ್ಬಿಯೊಳಗೆ ಮೊಬೈಲ್ ಇಟ್ಟು ಮಲಗುವವರು

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ರೈಟರ್, ನಲವತ್ತರ ಆಸುಪಾಸು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಂಡತಿಯೇ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಕರೆದುಕೊಂಡು ಬಂದಿದ್ದರು. "ರಾತ್ರಿ ಮೊಬೈಲನ್ನ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಮುಚ್ತಾರೆ ಮೇಡಂ. ಮಗಳು ಫೋನ್ ಮುಟ್ಟಿದ್ರೆ ಕೂಗಾಡ್ತಾರೆ" ಅಂದರು.

ಅವರ ಅಣ್ಣ ಮೆದುಳಿನ ಗಡ್ಡೆಯಿಂದ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. "ಅಣ್ಣ ಯಾವಾಗ್ಲೂ ಬಲಗಿವಿಗೇ ಫೋನ್ ಇಟ್ಕೋತಿದ್ದ, ಗಡ್ಡೆನೂ ಬಲಕ್ಕೇ ಬಂತು" ಅನ್ನೋದು ಇವರ ಲೆಕ್ಕ. ಈಗ ಇವರಿಗೂ ತಲೆನೋವು. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಎಂದರೂ ಸಮಾಧಾನವಿಲ್ಲ.

ಇಂಥವರಿಗೆ ಹೆದರಬೇಡಿ ಅಂದರೆ ಏನೂ ಪ್ರಯೋಜನವಿಲ್ಲ, ಗೊತ್ತಿರುವುದನ್ನು ಬಿಡಿಸಿ ಹೇಳಬೇಕು. ಮೊಬೈಲಿನ ಅಲೆಗಳಿಗೆ ಎಕ್ಸ್-ರೇ ಥರ ಡಿಎನ್‌ಎ ಮುರಿಯುವಷ್ಟು ಶಕ್ತಿ ಇಲ್ಲ, ಚರ್ಮ ಸ್ವಲ್ಪ ಬಿಸಿಯಾಗಬಹುದು ಅಷ್ಟೇ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇದೆ" ಎಂಬ 2ಬಿ ಗುಂಪಿಗೆ ಸೇರಿಸಿದ್ದು ನಿಜ. ವಾಟ್ಸಾಪಿನಲ್ಲಿ ಓಡಾಡುವುದು ಇದೊಂದೇ. ಅದೇ ಸಂಸ್ಥೆ ಮಾಡಿಸಿದ, 63 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2024ರ ಪರಿಶೀಲನೆಯಲ್ಲಿ ಮೊಬೈಲಿಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ ಅನ್ನೋದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ನಮ್ಮಲ್ಲಿ ಹ್ಯಾಂಡ್‌ಸೆಟ್ಟಿಗೆ ಮಿತಿ ಇದೆ, ಅದರ ಅಲೆಯಿಂದ ಮೈ ಹೀರಿಕೊಳ್ಳುವ ಶಕ್ತಿ ಕೆ.ಜಿ.ಗೆ 1.6 ವ್ಯಾಟ್ ಮೀರಬಾರದು. ಸ್ಟಾರ್, ಹ್ಯಾಶ್, 07, ಹ್ಯಾಶ್ ಒತ್ತಿದರೆ ಸುಮಾರು ಫೋನುಗಳಲ್ಲಿ ಆ ಫೋನಿನದೇ ಅಂಕಿ ಬರುತ್ತದೆ. ಅವರ ಕೈಯಲ್ಲೇ ಒತ್ತಿಸಿದೆ, ಮಿತಿಯ ಒಳಗೇ ಇತ್ತು.

ಆಮೇಲೆ ಡಬ್ಬಿಯ ವಿಷಯ. ಮುಚ್ಚಿದ ಸ್ಟೀಲಿನೊಳಗೆ ಟವರ್ ಸರಿಯಾಗಿ ಸಿಗದೆ ಫೋನು ಹುಡುಕುತ್ತಲೇ ಇರುತ್ತದೆ, ಸಿಕ್ಕಾಗಲೂ ಜಾಸ್ತಿ ಶಕ್ತಿ ಹಾಕಿ ಮಾತಾಡಬೇಕು. "ಅದಕ್ಕೇನಾ ಬೆಳಗ್ಗೆ ಚಾರ್ಜೇ ಇರಲ್ಲ!" ಎಂದು ಅವರೇ ನಕ್ಕರು. ಫೋನಿನ ಹಿಂದೆ ಅಂಟಿಸಿದ್ದ "ವಿಕಿರಣ ತಡೆ" ಸ್ಟಿಕರ್ ಕೂಡ ಇದೇ ಜಾತಿ, ದುಡ್ಡು ದಂಡ.

ಅಷ್ಟಾಗಿಯೂ ಕಡಿಮೆ ಮಾಡಿಕೊಳ್ಳಬೇಕು ಅನಿಸಿದರೆ ದಾರಿ ಸುಲಭ. ತೋಟದ ಇಳಿಜಾರಲ್ಲಿ ಒಂದೇ ಕಡ್ಡಿ ಸಿಗ್ನಲ್ ಇದ್ದಾಗ ಉದ್ದುದ್ದ ಮಾತು ಬೇಡ, ಮೇಲೆ ಬಂದು ಮಾತಾಡಿ. ಸ್ಪೀಕರ್ ಇಲ್ಲಾ ವೈರಿನ ಇಯರ್‌ಫೋನ್ ಬಳಸಿ, ತಲೆಯಿಂದ ಒಂದು ಗೇಣು ದೂರವಾದರೂ ತುಂಬಾ ವ್ಯತ್ಯಾಸ. ರಾತ್ರಿ ಏರೋಪ್ಲೇನ್ ಮೋಡ್ ಸಾಕು. ಮಗಳಿಗೆ ಫೋನಿನ ಹೊತ್ತು ಗೊತ್ತುಮಾಡಿ, ಆದರೆ ನಿದ್ದೆಗೋಸ್ಕರ, ಗಡ್ಡೆಯ ಹೆಸರು ಹೇಳಿ ಹೆದರಿಸಬೇಡಿ.

ಹೆಂಡತಿಗೆ ಬೇರೆಯೇ ಹೇಳಿದೆ. ಅವರು ಕೇಳಿದಾಗಲೆಲ್ಲ "ಏನೂ ಆಗಲ್ಲ" ಅನ್ನುತ್ತಿದ್ದರೆ ಮತ್ತೆ ಮತ್ತೆ ಕೇಳುವ ಚಟ ಬೆಳೆಯುತ್ತದೆ. ಅದರ ಬದಲು ಅಣ್ಣನ ಬಗ್ಗೆ ಮಾತಾಡಿಸಿ. ಈ ಮನುಷ್ಯ ತೋಟದ ಲೆಕ್ಕ, ಅಣ್ಣನ ತಿಥಿಯ ಓಡಾಟ ಎಲ್ಲ ನೋಡಿಕೊಂಡು ಒಂದು ಸಲವೂ ಅತ್ತಿರಲಿಲ್ಲ. ನನಗಂತೂ ತಲೆನೋವಿಗಿಂತ ಅದೇ ದೊಡ್ಡದಾಗಿ ಕಂಡಿತು, ಮುಂದಿನ ಭೇಟಿಗಳೆಲ್ಲ ಅದಕ್ಕೇ ಹೋದವು.

ತಲೆನೋವು ಬಂದ ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ಎರಡನ್ನೂ ಬರೆದಿಡಲು ಹೇಳಿದ್ದೇನೆ. ನೋವಿನ ಜೊತೆ ವಾಂತಿ, ಫಿಟ್ಸ್, ಕಣ್ಣು ಮಂಜಾಗುವುದು ಶುರುವಾದರೆ ನನ್ನ ಹತ್ತಿರ ಬರುವುದಲ್ಲ, ನೇರ ಡಾಕ್ಟರ ಹತ್ತಿರ ಹೋಗಬೇಕು ಅಂತಲೂ.