ಬಾಡಿಗೆ ದುಡ್ಡು ಯಾರ ಕೈಗೆ?

ಇಂಗ್ಲೆಂಡಿನಲ್ಲಿ ಕಡಿಮೆ ಬಾಡಿಗೆಗೆ ಮನೆ ಕೊಡುವ, ಲಾಭಕ್ಕಲ್ಲದ ಸಂಸ್ಥೆ (ಹೌಸಿಂಗ್ ಅಸೋಸಿಯೇಷನ್) ಒಂದರಲ್ಲಿ ಬಾಡಿಗೆ ವಸೂಲಿ ನೋಡಿಕೊಳ್ಳುವ ಓದುಗರೊಬ್ಬರು ಬರೆದಿದ್ದಾರೆ: ‘ಮೊದಲು ಸರ್ಕಾರದ ಬಾಡಿಗೆ ನೆರವು ನೇರ ನಮ್ಮ ಖಾತೆಗೆ ಬರುತ್ತಿತ್ತು. ಹಲವು ನೆರವುಗಳನ್ನು ಒಟ್ಟುಗೂಡಿಸಿ ತಿಂಗಳಿಗೊಮ್ಮೆ ಕೊಡುವ ಯೂನಿವರ್ಸಲ್ ಕ್ರೆಡಿಟ್ ಬಂದಮೇಲೆ ಅದು ಬಾಡಿಗೆದಾರರ ಖಾತೆಗೆ ಹೋಗುತ್ತಿದೆ, ಬಾಕಿ ಬೆಳೆಯುತ್ತಿದೆ. ಬಡವರ ಕೈಗೆ ನಗದು ಕೊಟ್ಟರೆ ಆಗುವುದೇ ಇಷ್ಟಲ್ಲವೇ?’

ನಿಮ್ಮ ಸಂಕಟ ಒಪ್ಪುತ್ತೇನೆ. ಬಾಡಿಗೆ ಬಾರದಿದ್ದರೆ ಸೋರುವ ಸೂರಿನ ರಿಪೇರಿ ನಿಲ್ಲುತ್ತದೆ, ಬ್ಯಾಂಕಿನ ಕಂತು ಕಾಯುವುದಿಲ್ಲ. ಆದರೆ ಆ ಕೊನೆಯ ವಾಕ್ಯವನ್ನು ನೀವು ಬರೆಯಬಾರದಿತ್ತು.

ಅರ್ಜಿ ಹಾಕಿ ಮೊದಲ ಹಣ ಕಾಣಲು ಐದು ವಾರ ಬೇಕು; 2018ರ ಆರಂಭದವರೆಗೆ ಆರು ವಾರವಿತ್ತು. ನಿಮ್ಮಲ್ಲಿ ಬಾಡಿಗೆ ವಾರವಾರ ಲೆಕ್ಕಕ್ಕೆ ಬೀಳುತ್ತದೆ. ಒಂದು ಪೌಂಡೂ ಪೋಲು ಮಾಡದ ತಾಯಿ ಕೂಡ ಹಣ ಕೈಸೇರುವ ಮೊದಲೇ ಬಾಕಿದಾರಳು. ಮುಂಗಡ ಸಿಗುತ್ತದೆ ನಿಜ, ಅದು ಸಾಲ. ಮುಂದಿನ ತಿಂಗಳುಗಳಲ್ಲಿ ಮುರಿದುಕೊಳ್ಳುತ್ತಾರೆ. ಎರಡು ತಿಂಗಳ ಬಾಡಿಗೆಯಷ್ಟು ಬಾಕಿಯಾದರೆ ಹಣವನ್ನು ನೇರ ನಿಮ್ಮ ಖಾತೆಗೇ ಹಾಕಿ ಎಂದು ನೀವು ಕೇಳಬಹುದು. ಅಂದರೆ ಅವಳು ಮುಳುಗುವವರೆಗೆ ಕಾಯಬೇಕು! ಇದರ ಮೇಲೆ 2013ರಿಂದ, ಅಗತ್ಯಕ್ಕಿಂತ ಒಂದು ಮಲಗುವ ಕೋಣೆ ಹೆಚ್ಚಿದ್ದರೆ ಬಾಡಿಗೆಯ ಶೇ. 14ರಷ್ಟು ನೆರವಿನಲ್ಲಿ ಕಡಿತ, ಎರಡಿದ್ದರೆ ಶೇ. 25.

2012–13ರಲ್ಲಿ ಸೌತ್‌ವರ್ಕ್, ಆಕ್ಸ್‌ಫರ್ಡ್, ವೇಕ್‌ಫೀಲ್ಡ್ ಸೇರಿ ಬ್ರಿಟನ್ನಿನ ಆರು ಕಡೆ ಸರ್ಕಾರವೇ ಬಾಡಿಗೆ ನೆರವನ್ನು ಬಾಡಿಗೆದಾರರ ಕೈಗೇ ಕೊಟ್ಟು ಪ್ರಯೋಗಿಸಿ ನೋಡಿತು. ಕೈಗೆ ಹಣ ಪಡೆದವರು ಕಟ್ಟಬೇಕಾದುದರಲ್ಲಿ ಶೇ. 95ರ ಆಸುಪಾಸು ಕಟ್ಟಿದರು. ತಪ್ಪಿದ್ದು ಹೆಚ್ಚಾಗಿ ಮೊದಲ ಕಂತುಗಳಲ್ಲಿ. ಇಂಥವರನ್ನು ಬೇಜವಾಬ್ದಾರಿಗಳೆನ್ನಲು ನನಗೆ ನಾಲಿಗೆ ಏಳದು.

ಸ್ಕಾಟ್ಲೆಂಡ್ 2017ರಲ್ಲೇ ದಾರಿ ತೋರಿತು: ತಿಂಗಳಿಗೆ ಒಮ್ಮೆಯೋ ಎರಡು ಸಲವೋ, ಹಣ ತನಗೋ ಮನೆಯ ಒಡೆಯರಿಗೋ, ಬಾಡಿಗೆದಾರರೇ ಹೇಳಲಿ. ನಮ್ಮ ಕಾಫಿ ತೋಟಗಳಲ್ಲಿ ಸಂತೆ ದಿನ ನೋಡಿ ವಾರದ ಬಟವಾಡೆ ಮಾಡುತ್ತಿದ್ದವರಿಗೂ ಈ ತಿಳಿವಳಿಕೆ ಇತ್ತು. ತಿಂಗಳ ಸಂಬಳದವರು ತಮ್ಮ ಕ್ಯಾಲೆಂಡರನ್ನೇ ಎಲ್ಲರ ಗೋಡೆಗೂ ಹೊಡೆಯುತ್ತಾರೆ, ನನ್ನ ಸಿಟ್ಟು ಅದಕ್ಕೆ.

ಇಲ್ಲೂ ನೋಡಿದೆವು. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಕೊಟ್ಟಾಗ ‘ಕುಡಿದು ಹಾಳುಮಾಡುತ್ತಾರೆ’ ಎಂಬ ಮಾತು ಎಷ್ಟು ಸಲೀಸಾಗಿ ಬಂತು! ಅಕ್ಕಿ ಬೇಕೋ ಹಣವೋ ಎಂದು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತ ಹೆಂಗಸನ್ನು ಕೇಳುವ ವ್ಯವಧಾನ ಮಾತ್ರ ಯಾರಿಗೂ ಇರಲಿಲ್ಲ.

ನೀವು ವಸೂಲಿ ಮೇಜಿನ ಮುಂದೆ ಕೂತವರು. ಬೇರೆಯವರಿಗೆ ಕಾಣದ್ದು ನಿಮಗೆ ಕಾಣುತ್ತದೆ. ಹೊಸ ಅರ್ಜಿದಾರರಿಗೆ ಆ ಐದು ವಾರ ಬಾಕಿ ನೋಟಿಸ್ ಕಳಿಸದಿರುವಂತೆ ನಿಮ್ಮ ಮೇಲಿನವರನ್ನು ಒಮ್ಮೆ ಕೇಳಿ. ಅವರೇನೆಂದರು ಎಂದು ಬರೆಯಿರಿ, ಅಚ್ಚು ಹಾಕುತ್ತೇನೆ.

— ಸಂ.