ಥಾಮಸ್ ಹಾರ್ಡಿಯನ್ನು ಓದುವಾಗ ವರ್ಣನೆಗಳನ್ನು ಹಾರಿಸಬಹುದೇ?

ಇಂಗ್ಲಿಷ್ ಕಾದಂಬರಿಕಾರ ಹಾರ್ಡಿಯ ಪುಸ್ತಕಗಳಲ್ಲಿ ಹೊಲ, ಕಾಡು, ಗುಡ್ಡಗಳ ವರ್ಣನೆ ಬಿಟ್ಟು ಕಥೆಯಷ್ಟೇ ಓದುತ್ತೇನೆ, 'ಟೆಸ್' ಮೊದಲೋ 'ಜೂಡ್' ಮೊದಲೋ ಹೇಳಿ ಎಂದಿದ್ದೀರಿ. ನಾನೂ ಹಾರ್ಡಿಯನ್ನು ಹೀಗೇ ಹಾರಿಸಿ ಹಾರಿಸಿ ಓದಿದವನು. ಕೊನೆಗೆ ಉಳಿಯುವುದು ಒಂದೇ ದೂರು: ಈ ಮನುಷ್ಯ ಪಾತ್ರಗಳನ್ನು ಸುಮ್ಮಸುಮ್ಮನೆ ಗೋಳು ಹುಯ್ದುಕೊಳ್ಳುತ್ತಾನೆ! ಸುಮ್ಮನೆ ಅಲ್ಲ ಸ್ವಾಮಿ, ಕಾರಣ ಹಾರಿಸಿದ ಪುಟದಲ್ಲೇ ಇರುತ್ತದೆ.

'ದಿ ವುಡ್‌ಲ್ಯಾಂಡರ್ಸ್' (1887) ನೋಡಿ. ಜೈಲ್ಸ್ ವಿಂಟರ್‌ಬೋರ್ನ್‌ನ ಮನೆಗಳು 'ಲೈಫ್‌ಹೋಲ್ಡ್' ಗೇಣಿಯವು. ಗೇಣಿಯ ಅವಧಿ ಇಷ್ಟು ವರ್ಷ ಅಂತಲ್ಲ. ಪತ್ರದಲ್ಲಿ ಹೆಸರಿರುವವರು ಬದುಕಿರುವಷ್ಟು ಕಾಲ. ಕೊನೆಯವನು ಸತ್ತರೆ ಮನೆ ಜಮೀನಿನ ಒಡೆಯರಿಗೆ ವಾಪಸ್. ಇಲ್ಲಿ ಆ ಕೊನೆಯ ಜೀವ ಮುದುಕ ಜಾನ್ ಸೌತ್. ಎದುರಿನ ಎತ್ತರದ ಮರ ತನ್ನ ಮೇಲೆ ಬೀಳುತ್ತದೆಂದು ಹೆದರಿ ಹಾಸಿಗೆ ಹಿಡಿದಿದ್ದಾನೆ. ಡಾಕ್ಟರ್ ಮಾತಿನಂತೆ ಮರ ಕಡಿಸುತ್ತಾರೆ. ಮರವಿಲ್ಲದ ಬಯಲು ಕಂಡ ಆಘಾತಕ್ಕೆ ಮುದುಕ ಸಾಯುತ್ತಾನೆ, ಜೈಲ್ಸ್‌ನ ಮನೆಗಳು ಹೋಗುತ್ತವೆ, ಬೆನ್ನಿಗೇ ಅವನು ಮೆಚ್ಚಿದ ಗ್ರೇಸ್ ಜೊತೆಗಿನ ಮದುವೆಯ ಆಸೆಯೂ. ಒಡತಿ ಮಿಸೆಸ್ ಚಾರ್ಮಂಡ್ ಮನಸ್ಸು ಮಾಡಿದ್ದರೆ ಗೇಣಿ ಮುಂದುವರಿಯಬಹುದಿತ್ತು. ಆದರೆ ಕೆಲವು ಪುಟಗಳ ಹಿಂದೆ, ದಿಮ್ಮಿ ಹೇರಿದ ಗಾಡಿಯನ್ನು ಹಿಂದೆ ಸರಿಸಲಾರೆನೆಂದು ಆಕೆಯ ಸಾರೋಟಿಗೆ ದಾರಿ ಬಿಡದೆ ನಿಂತವನು ಇದೇ ಜೈಲ್ಸ್. ಆ ದೃಶ್ಯವನ್ನು ಹಳ್ಳಿಯ ಚಿತ್ರವೆಂದು ಹಾರಿಸಿದಿರೋ, ಆಕೆಯ ನಿರಾಕರಣೆ ಹಣೆಬರಹದಂತೆ ಕಾಣುತ್ತದೆ.

'ಟೆಸ್'ನಲ್ಲೂ (1891) ಇದೇ ಗೇಣಿ. ಮೂರು ಜೀವಗಳಲ್ಲಿ ಕೊನೆಯದು ಟೆಸ್‌ಳ ಅಪ್ಪ. ಅವನು ಸತ್ತ ಮೇಲೆ ಗೇಣಿ-ಕೂಲಿ ಕರಾರು ಬದಲಾಗುವ ಏಪ್ರಿಲ್ 6ರ 'ಓಲ್ಡ್ ಲೇಡಿ ಡೇ'ಗೆ ತಾಯಿ-ಮಕ್ಕಳು ಸಾಮಾನು ಕಟ್ಟಿಕೊಂಡು ಬೀದಿಗೆ ಬೀಳುತ್ತಾರೆ. ಅದಕ್ಕೂ ಮುಂಚೆ ಫ್ಲಿಂಟ್‌ಕೂಂಬ್-ಆಶ್‌ನ ಕಲ್ಲುಭೂಮಿಯಲ್ಲಿ ಚಳಿಗಾಲದ ಗೆಡ್ಡೆ ಅಗೆತ, ದಿನವಿಡೀ ನಿಲ್ಲದ ಉಗಿಯಂತ್ರದ ಒಕ್ಕಣೆ. ಟೆಸ್ ಹಿಂದೆ ತನ್ನನ್ನು ಕೆಡಿಸಿದ ಅಲೆಕ್ ಬಳಿಗೇ ಮತ್ತೆ ಹೋದದ್ದೇಕೆ ಎಂದು ವಾದಕ್ಕೆ ಬರುವ ಬಹಳ ಮಂದಿ ಈ ಅಧ್ಯಾಯಗಳನ್ನು ಸರಿಯಾಗಿ ಓದಿರುವುದಿಲ್ಲ. ಅದಕ್ಕೂ ಮೊದಲು ಟೆಸ್ ದುಡಿದ ಟಾಲ್ಬೋತೇಸ್‌ನ ಹಾಲುಮನೆಯ ಪುಟಗಳೂ ಬೇಕು. ಆ ಸಮೃದ್ಧಿ ಕಂಡವರಿಗೇ ಈ ಬರಡು ತಾಗುವುದು.

ಹಾಗಾಗಿ ಟೆಸ್, ಜೂಡ್ ಎರಡೂ ಈಗ ಬೇಡ. 'ಫಾರ್ ಫ್ರಮ್ ದಿ ಮ್ಯಾಡಿಂಗ್ ಕ್ರೌಡ್'ನಿಂದ (1874) ಶುರು ಮಾಡಿ. ಹಸಿ ಕ್ಲೋವರ್ ಮೇಯ್ದು ಹೊಟ್ಟೆ ಉಬ್ಬರಿಸಿದ ಕುರಿಗಳ ಎಡಪಕ್ಕೆಯ ಹಿಂದೆ ಕುರಿಗಾಹಿ ಗೇಬ್ರಿಯಲ್ ಓಕ್ ಕೊಳವೆಸೂಜಿ ಚುಚ್ಚಿ ಗಾಳಿ ಬಿಡಿಸುವುದನ್ನು ನಿಧಾನವಾಗಿ ಓದಿ. ಕೆಲಸದಿಂದ ಓಡಿಸಿದ್ದವನನ್ನು ಹೊಲದೊಡತಿ ಬಾತ್‌ಶೀಬಾ ಚೀಟಿ ಬರೆದು ಮತ್ತೆ ಕರೆಸಿಕೊಳ್ಳಬೇಕಾಗುವುದು ಈ ಕೈಚಳಕಕ್ಕೇ. ಆಮೇಲೆ 'ವುಡ್‌ಲ್ಯಾಂಡರ್ಸ್', ಆಮೇಲೆ 'ಟೆಸ್'. 'ಜೂಡ್' (1895) ಕಟ್ಟಕಡೆಗೆ. ಅದರಲ್ಲಿ ಊರಿಂದೂರಿಗೆ ರೈಲಿನ ಅಲೆದಾಟವೇ ಹೆಚ್ಚು, ಹಾರ್ಡಿಯ ಹಳ್ಳಿ ಕಡಿಮೆ.

ಸಂಕ್ಷಿಪ್ತ ಆವೃತ್ತಿ ಮುಟ್ಟಬೇಡಿ. (ಕತ್ತರಿಯ ಕಾಟ ಹಾರ್ಡಿಗೂ ಇತ್ತು: 'ಗ್ರಾಫಿಕ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ 'ಟೆಸ್'ನಲ್ಲಿ, ಮುಂದೆ ಟೆಸ್‌ಳ ಗಂಡನಾಗುವ ಏಂಜೆಲ್ ಹಾಲುಮನೆಯ ಹುಡುಗಿಯರನ್ನು ತೋಳಲ್ಲಿ ಎತ್ತಿ ನೀರು ದಾಟಿಸುವ ಬದಲು ಕೈಗಾಡಿಯಲ್ಲಿ ತಳ್ಳುತ್ತಾನೆ!) ಹಾರ್ಡಿ ತನ್ನ ಕಥೆಗಳಿಗೆ ಕಟ್ಟಿಕೊಂಡ ನಾಡು ವೆಸೆಕ್ಸ್‌ನ ನಕ್ಷೆ ಇರುವ ಪ್ರತಿ ಹುಡುಕಿ, ಕ್ಯಾಸ್ಟರ್‌ಬ್ರಿಜ್ ಎಂದರೆ ಡಾರ್ಚೆಸ್ಟರ್, ಮೆಲ್ಚೆಸ್ಟರ್ ಎಂದರೆ ಸಾಲ್ಸ್‌ಬರಿ. ಹಳ್ಳಿಯವರ ಮಾತು ತೊಡಕೆನಿಸಿದರೆ ಗಟ್ಟಿಯಾಗಿ ಓದಿಕೊಳ್ಳಿ. 'ಈ' ('ee) ಬಂದರೆ ನೀನು, 'ಎನ್' ('en) ಬಂದರೆ ಅವನನ್ನು ಅಥವಾ ಅದನ್ನು.